ಒಂದು ಸಂಜೆಗೆ ಮುಗಿಯುವ ಆಟಗಳು



ಈ ಪುಟದಲ್ಲಿ ಹಾಡು, ನಾಟಕ, ಪುಸ್ತಕಗಳ ಬಗ್ಗೆ ಓದಿ ಅಭ್ಯಾಸವಾದ ನಿಮಗೆ ಈ ಸಲದ ವಿಷಯ ನೋಡಿ ನಗು ಬರಬಹುದು. ಜೀಡಿಮೆಟ್ಲಾದ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ, ನಲವತ್ತಾರು ದಾಟಿದ ನಾನು ಇತ್ತೀಚೆಗೆ ವಿಡಿಯೋ ಗೇಮ್ ಆಡಿ ಮುಗಿಸಿದ್ದೇನೆ. ಒಂದಲ್ಲ, ಮೂರು! ಮೂರನ್ನೂ ಸೇರಿಸಿದರೂ ಹಿಡಿದದ್ದು ನಾಲ್ಕೇ ಗಂಟೆ. ಆದರೆ ಮೂರನೆಯ ಆಟ ನಮ್ಮ ಮನೆಯಲ್ಲಿ ಹತ್ತು ವರ್ಷದಿಂದ ಮುಂದೂಡಿದ್ದ ಒಂದು ಕೆಲಸಕ್ಕೆ ಕೈ ಹಾಕಿಸಿತು. ಅದನ್ನು ಹೇಳಬೇಕೆಂದೇ ಈ ಬರಹ.

'ಗೇಮ್' ಅಂದ ಕೂಡಲೇ ನಮ್ಮಂಥ ತಂದೆತಾಯಿಯರ ಎದೆ ಧಸಕ್ಕೆನ್ನುತ್ತದೆ. ಅದು ಸುಮ್ಮನೆ ಹುಟ್ಟಿದ ಹೆದರಿಕೆಯಲ್ಲ. ಆನ್‌ಲೈನಿನಲ್ಲಿ ಹಣ ಕಟ್ಟಿ ಆಡುವ ರಮ್ಮಿಯನ್ನು ತೆಲಂಗಾಣ ಸರ್ಕಾರ 2017ರಲ್ಲೇ ನಿಷೇಧಿಸಬೇಕಾಯಿತು. 2025ರಲ್ಲಿ ಸಂಸತ್ತೇ ಇಡೀ ದೇಶಕ್ಕೆ ಅಂಥದೊಂದು ಕಾಯ್ದೆ ತಂದಿತು. ಹಣದ ಆಟ ಬಿಡಿ, ಪುಕ್ಕಟೆ ಸಿಗುವ ಮೊಬೈಲ್ ಆಟಗಳನ್ನೇ ನೋಡಿ. ಅವಕ್ಕೆ ಕೊನೆಯೆಂಬುದೇ ಇಲ್ಲ. ಯಾಕೆಂದರೆ ಅವುಗಳ ಸಂಪಾದನೆ ಜಾಹೀರಾತಿನಿಂದ, ಆಟದೊಳಗೆ ಮಾರುವ ನಾಣ್ಯ-ವಜ್ರಗಳಿಂದ. ಆಟ ಮುಗಿದರೆ ಅಂಗಡಿ ಮುಚ್ಚಿದಂತೆ! ಹಾಗಾಗಿ 'ನಾಳೆ ಮತ್ತೆ ಬಾ' ಎಂದು ಕರೆಯುತ್ತಲೇ ಇರುತ್ತವೆ.

ನಾನು ಹೇಳಹೊರಟಿರುವುದು ಬೇರೆ ಜಾತಿಯ ಆಟಗಳನ್ನು. ಇವುಗಳಿಗೆ ಒಮ್ಮೆ ದುಡ್ಡು ಕೊಟ್ಟರೆ ಆಯಿತು. ಶುರುವಾಗುತ್ತವೆ, ಮುಗಿಯುತ್ತವೆ, ನಿಮ್ಮನ್ನು ನಿಮ್ಮ ಪಾಡಿಗೆ ಬಿಟ್ಟುಬಿಡುತ್ತವೆ.

ಇಂಡಿ ಅಂದರೇನು?

ನಮ್ಮ ಕಡೆಯವರು ಇಂಡಿ ಅಂದರೆ ವಿಜಯಪುರ ಜಿಲ್ಲೆಯ ಇಂಡಿ ಅಂದುಕೊಂಡಾರು! ಇದು ಅದಲ್ಲ. 'ಇಂಡಿಪೆಂಡೆಂಟ್' ಎಂಬುದರ ಮೊಟಕು ರೂಪ. ದೊಡ್ಡ ಕಂಪನಿಯ ಬಂಡವಾಳವಿಲ್ಲದೆ ಒಬ್ಬರೋ ನಾಲ್ಕಾರು ಜನರೋ ಸೇರಿ ಮಾಡುವ ಆಟ. ಸಿನಿಮಾದ ಮುಂದೆ ಹವ್ಯಾಸಿ ನಾಟಕ ಇದ್ದಂತೆ ಎನ್ನಬಹುದು. ನೂರಾರು ಜನ ವರ್ಷಗಟ್ಟಲೆ ದುಡಿದು ಮಾಡುವ ದೊಡ್ಡ ಆಟ ಐವತ್ತು-ಅರವತ್ತು ಗಂಟೆ ಓಡಬಹುದು. ನಾಲ್ಕು ಜನಕ್ಕೆ ಅದು ಆಗದ ಮಾತು. ಅದಕ್ಕೆ ಅವರು ಒಂದೇ ಒಂದು ಸಂಗತಿ ಹಿಡಿದು ಅದನ್ನಷ್ಟೇ ಚೆನ್ನಾಗಿ ಹೇಳುತ್ತಾರೆ. ಕಾದಂಬರಿಯ ಪಕ್ಕದಲ್ಲಿ ಸಣ್ಣಕತೆ ಇದ್ದ ಹಾಗೆ, ಅಥವಾ ನಮ್ಮ ರೇಡಿಯೋದ ಅರ್ಧ ಗಂಟೆಯ ನಾಟಕದ ಹಾಗೆ.

ಕತೆ ಕೇಳುವುದಕ್ಕೂ ಆಟ ಆಡುವುದಕ್ಕೂ ಒಂದು ವ್ಯತ್ಯಾಸವಿದೆ. ಕತೆಯಲ್ಲಿ ಇನ್ಯಾರೋ ಮಾಡಿದ್ದನ್ನು ನಾವು ಕೇಳುತ್ತೇವೆ. ಇಲ್ಲಿ ನಮ್ಮ ಕೈಯೇ ಮಾಡಬೇಕು. ಇದು ಬರೀ ಮಾತಿನಲ್ಲಿ ತಿಳಿಯುವುದು ಕಷ್ಟ. ಆಡಿದ ಆಟಗಳನ್ನೇ ಒಂದೊಂದಾಗಿ ಹೇಳುತ್ತೇನೆ.

ಮಾತಿನ ಚೂರುಗಳು

ಮೊದಲನೆಯದು 'ಫ್ಲಾರೆನ್ಸ್'. 2018ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ 'ಮೌಂಟನ್ಸ್' ಎಂಬ ಸಣ್ಣ ತಂಡ ಹೊರತಂದ ಆಟ. ತಂಡದ ಮುಂದಾಳು ಕೆನ್ ವಾಂಗ್. ಮೊಬೈಲಿನಲ್ಲೇ ಆಡಬಹುದು. ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಶಿಫ್ಟ್ ಬಸ್ಸಿನಲ್ಲಿ ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ ಆಡಿ ನಾನು ಮುಗಿಸಿದೆ.

ಫ್ಲಾರೆನ್ಸ್ ಇಪ್ಪತ್ತೈದರ ಹುಡುಗಿ. ಬೆಳಗ್ಗೆ ಏಳು, ಹಲ್ಲುಜ್ಜು, ಆಫೀಸಿಗೆ ಹೋಗು ಎಂಬ ಬದುಕು. ಆ ಹಲ್ಲನ್ನೂ ನೀವೇ ಉಜ್ಜಿಸಬೇಕು, ಪರದೆಯ ಮೇಲೆ ಬೆರಳು ಆಡಿಸಿ! ಒಂದು ದಿನ ಉದ್ಯಾನದಲ್ಲಿ ಸೆಲ್ಲೋ ವಾದ್ಯ ನುಡಿಸುತ್ತಿರುವ ಕ್ರಿಶ್ ಕಾಣುತ್ತಾನೆ. ಇಬ್ಬರೂ ಮಾತಿಗೆ ಕೂರುತ್ತಾರೆ. ಆಟದಲ್ಲಿ ಮಾತೇ ಇಲ್ಲವೆನ್ನಬೇಕು. ಮಾತಿನ ಬದಲು ಚೂರುಗಳಿವೆ. ಅವನ್ನು ಜೋಡಿಸಿದರೆ ಒಂದು ಮಾತು ಆಡಿದ ಹಾಗೆ. ಮೊದಲ ಭೇಟಿಯಲ್ಲಿ ಚೂರುಗಳು ಹೆಚ್ಚು, ಜೋಡಿಸುವುದು ತಡ. ಸಲಿಗೆ ಬೆಳೆದಂತೆ ಚೂರುಗಳು ಕಡಿಮೆಯಾಗುತ್ತವೆ, ಮಾತು ಸಲೀಸಾಗುತ್ತದೆ. ಆಮೇಲೆ ಜಗಳ ಬಂದಾಗ ಅದೇ ಚೂರುಗಳಿಗೆ ಚೂಪು ಅಂಚು. ಎದುರಿನವರಿಗಿಂತ ಬೇಗ ಜೋಡಿಸಬೇಕೆಂಬ ಹಟ ಬೆರಳಿಗೇ ಹತ್ತುತ್ತದೆ. ಮದುವೆಯಾಗಿ ಇಪ್ಪತ್ತು ವರ್ಷ ಕಳೆದ ನನಗೆ ಅಲ್ಲಿ ನಾಚಿಕೆಯಾಯಿತು. ಗೆಲ್ಲಬೇಕೆಂದೇ ಮಾತಾಡಿದ ದಿನಗಳು ನೆನಪಾದವು.

ಸಿಗ್ನಲ್ ಹುಡುಕುತ್ತಾ

ಎರಡನೆಯದು 'ಎ ಶಾರ್ಟ್ ಹೈಕ್'. ಹೆಸರೇ ಹೇಳುವಂತೆ ಒಂದು ಸಣ್ಣ ಚಾರಣ. 2019ರಲ್ಲಿ ಬಂದದ್ದು. ಮಾಡಿದವರು ಕೆನಡಾದ ಆಡಂ ರಾಬಿನ್ಸನ್-ಯು. ಮರುವರ್ಷ ಇಂಡಿ ಆಟಗಳ ಅಂತರರಾಷ್ಟ್ರೀಯ ಉತ್ಸವದಲ್ಲಿ ಇದಕ್ಕೆ ಪರಮೋಚ್ಚ ಬಹುಮಾನ ಬಂತು.

ಕ್ಲೇರ್ ಎಂಬ ಮರಿಹಕ್ಕಿ ರಜೆಗೆಂದು ಮೇ ಎಂಬ ಬಂಧುವಿನ ಹತ್ತಿರ ಬಂದಿದೆ. ಅತ್ತೆಯೋ ಚಿಕ್ಕಮ್ಮನೋ ಹೇಳಲಾರೆ, ಇಂಗ್ಲಿಷಿನವರಿಗೆ ಎಲ್ಲರೂ 'ಆಂಟಿ'ಯೇ! ಕ್ಲೇರ್ ಒಂದು ಫೋನ್ ಕರೆಗೆ ಕಾಯುತ್ತಿದ್ದಾಳೆ, ಆದರೆ ಅಲ್ಲಿ ಸಿಗ್ನಲ್ ಇಲ್ಲ. ಬೆಟ್ಟದ ತುದಿಗೆ ಹೋದರೆ ಮಾತ್ರ ಸಿಗುತ್ತದೆ. ಬಂಗಾರದ ಗರಿಗಳನ್ನು ಕೂಡಿಸಿದಷ್ಟೂ ಹೆಚ್ಚು ಹತ್ತಬಹುದು. ಆದರೆ ಯಾರೂ ಆತುರಪಡಿಸುವುದಿಲ್ಲ. ದಾರಿಯಲ್ಲಿ ಮೀನು ಹಿಡಿಯಬಹುದು, ಯಾರದೋ ಕಳೆದುಹೋದ ವಸ್ತು ಹುಡುಕಿಕೊಡಬಹುದು. ನಾನು ಒಂದೂವರೆ ಗಂಟೆಯಲ್ಲಿ ಮುಗಿಸುವುದನ್ನು ಎರಡು ಗಂಟೆ ಅಡ್ಡಾಡಿದೆ.

ತುದಿಯಲ್ಲಿ ಬರುವ ಕರೆ ಯಾರದು? ಹೇಳುವುದಿಲ್ಲ. ಇಷ್ಟು ಮಾತ್ರ: ಅದನ್ನು ಕೇಳಿದ ಮೇಲೆ ನಾನು ನನ್ನ ಮೊಬೈಲು ತೆಗೆದು ನೋಡಿದೆ. 'ಅವ್ವ' ಎಂಬ ನಂಬರು ಇನ್ನೂ ಇದೆ. ಆರು ವರ್ಷವಾಯಿತು, ಅಳಿಸಲು ಮನಸ್ಸಾಗಿಲ್ಲ.

ಹರಿದ ಪುಸ್ತಕ

ಮೂರನೆಯ ಆಟದ ಹೆಸರು 'ವೆಣ್ಬಾ'. ಇದು ಹಳೆಯ ತಮಿಳು ಕಾವ್ಯದ ಒಂದು ಪದ್ಯಜಾತಿ, ನಮ್ಮಲ್ಲಿ ಷಟ್ಪದಿ ಇದ್ದಂತೆ. ಆಟದಲ್ಲಿ ಇದು ತಾಯಿಯ ಹೆಸರು. ಕೆನಡಾದ ಟೊರಾಂಟೋದಲ್ಲಿರುವ 'ವಿಸೈ ಗೇಮ್ಸ್' ತಂಡ 2023ರ ಜುಲೈ 31ರಂದು ಹೊರತಂದಿತು. 2024ರಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆ ಇದಕ್ಕೆ ಚೊಚ್ಚಲ ಆಟದ ಪ್ರಶಸ್ತಿ ಕೊಟ್ಟಿತು. ಒಂದೂವರೆ ಗಂಟೆಯ ಆಟ. ದಸರೆಗೆ ಬಂದ ನನ್ನ ತಮ್ಮ ಲ್ಯಾಪ್‌ಟಾಪಿಗೆ ಹಾಕಿಕೊಟ್ಟ. ಒಂಬತ್ತನೇ ತರಗತಿಯ ಮಗಳೂ ನಾನೂ ಕೂತು ಆಡಿದೆವು.

1988ರಲ್ಲಿ ತಮಿಳುನಾಡಿನಿಂದ ಕೆನಡಾಕ್ಕೆ ಹೋದ ವೆಣ್ಬಾ ಮತ್ತು ಪಾವಲನ್ ದಂಪತಿಯ ಕತೆ. ಅವರಿಗೆ ಕವಿನ್ ಎಂಬ ಮಗ. ಶಾಲೆಯಲ್ಲಿ ಅವನು 'ಕೆವಿನ್' ಆಗುತ್ತಾನೆ. ವೆಣ್ಬಾಳ ಬಳಿ ಅವಳ ತಾಯಿಯ ಅಡುಗೆ ಪುಸ್ತಕವಿದೆ. ಅದು ಅಲ್ಲಲ್ಲಿ ಹರಿದಿದೆ, ಅಕ್ಷರ ಅಳಿಸಿದೆ. ಇರುವಷ್ಟನ್ನು ಓದಿ, ಇಲ್ಲದ್ದನ್ನು ಊಹಿಸಿ ನಾವು ಅಡುಗೆ ಮಾಡಬೇಕು. ಇಡ್ಲಿ ತಟ್ಟೆಗಳನ್ನು ಹೇಗೆ ಜೋಡಿಸುವುದು, ಪುಟ್ಟಿನ ಕೊಳವೆಯಲ್ಲಿ ಹಿಟ್ಟು ಮೊದಲೋ ತೆಂಗಿನ ತುರಿ ಮೊದಲೋ, ಇವೇ ಒಗಟುಗಳು. ತಪ್ಪಿದರೆ ಬೈಗುಳವಿಲ್ಲ, ಅಂಕ ಕಳೆಯುವುದಿಲ್ಲ, ಮತ್ತೆ ಮಾಡಬಹುದು. ಅಡುಗೆ ಮಾಡುವಾಗ ರೇಡಿಯೋ ಹಾಡುತ್ತಿರುತ್ತದೆ! ಆಯಾ ಕಾಲದ ತಮಿಳು ಚಿತ್ರಗೀತೆಗಳ ಧಾಟಿಯಲ್ಲಿ ಆಟಕ್ಕೆಂದೇ ಮಾಡಿದ ಹಾಡುಗಳು. ರೇಡಿಯೋ ಬಳಗದ ನಮಗೆ ಅದೊಂದು ಖುಷಿ.

ಮಗಳಿಗೆ ಮೊದಲೆಲ್ಲ ಬರೀ ಮೋಜು. 'ಇಡ್ಲಿ ಮಾಡೋದೂ ಗೇಮಾ?' ಎಂದು ನಕ್ಕಳು. ಮುಂದೆ ದೊಡ್ಡವನಾದ ಮಗನೇ ಆ ಪುಸ್ತಕ ಓದಬೇಕಾದ ಸಂದರ್ಭ ಬರುತ್ತದೆ. ಅವನ ತಮಿಳು ಅರೆಬರೆ. ಅಕ್ಷರ ಕಾಣುತ್ತದೆ, ಅರ್ಥ ಸರಿಯಾಗಿ ಕೂಡುವುದಿಲ್ಲ. ಆ ಒಗಟಿನ ಮುಂದೆ ಅವಳು ಸುಮ್ಮನಾದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು:

'ಅಮ್ಮಾ, ಅಜ್ಜಿದೂ ಒಂದ್ ಬುಕ್ ಐತಲ್ಲ? ಅದು ನನಗೆ ಓದಲಿಕ್ಕೆ ಬರ್ತದಾ?'

ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ನಮ್ಮ ಮನೆಯ ಒಗಟು

ನಮ್ಮಂಥವರ ಕತೆ ನಿಮಗೆ ಹೊಸದಲ್ಲ. ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿದ ಎಚ್‌ಎಂಟಿ ಇಲ್ಲಿ ಚಿಂತಲ್ ಬಳಿ ಕಾರ್ಖಾನೆ ತೆರೆಯಿತು. ಸುತ್ತಲೂ ಜೀಡಿಮೆಟ್ಲಾದ ಕೈಗಾರಿಕಾ ಪ್ರದೇಶ ಬೆಳೆಯಿತು. ಕೆಲಸ ಹುಡುಕಿಕೊಂಡು ಕಲಬುರಗಿ, ಬೀದರ್, ರಾಯಚೂರು ಕಡೆಯಿಂದ ಬಂದವರು ಇಲ್ಲೇ ಮನೆ ಮಾಡಿದೆವು. ಮಕ್ಕಳು ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಕಲಿತರು. 2018ರ ಕಾಯ್ದೆಯಿಂದ ಶಾಲೆಗಳಲ್ಲಿ ತೆಲುಗು ಕಡ್ಡಾಯವಾಯಿತು. ಇರುವ ಊರಿನ ಭಾಷೆ ಕಲಿಯುವುದು ಒಳ್ಳೆಯದೇ. ಕನ್ನಡದ ಅಕ್ಷರ ಕಲಿಸುವುದು ಮಾತ್ರ ನನ್ನ ಕೆಲಸವಾಗಿತ್ತು. 'ಈ ರಜೆಯಲ್ಲಿ', 'ಬರುವ ರಜೆಯಲ್ಲಿ' ಅನ್ನುತ್ತಾ ಹತ್ತು ವರ್ಷ ಕಳೆದೆ. ಮನೆಯಲ್ಲಿ ಮಾತಾಡುತ್ತಾಳಲ್ಲ, ಸಾಕು ಎಂದುಕೊಂಡೆ.

ಆ ರಾತ್ರಿ ಅವ್ವನ ನೋಟ್‌ಬುಕ್ ಹೊರಗೆ ಬಂತು. ನೂರು ಪುಟದ, ಎಣ್ಣೆ ಕಲೆಯಾದ ಪುಸ್ತಕ. 'ಪುಂಡಿ ಪಲ್ಯ' ಎಂಬ ಪುಟ ತೆರೆದೆವು. ಇಲ್ಲಿಯವರ ಗೋಂಗೂರವೇ ನಮ್ಮ ಪುಂಡಿ. ಮಗಳು ಅಕ್ಷರದ ಮೇಲೆ ಬೆರಳಿಟ್ಟು ತಾನಾಗಿಯೇ ಓದಿದಳು: 'ಪುಂ...ಡಿ!'

ಹೇಗೆ ಬಂತು? ತೆಲುಗಿನ ಬಲದಿಂದ! ಕನ್ನಡ, ತೆಲುಗು ಲಿಪಿಗಳೆರಡೂ ಒಂದೇ ಬೇರಿನವು. ಕದಂಬ, ಚಾಲುಕ್ಯರ ಕಾಲದ ಶಾಸನಗಳ ಬರವಣಿಗೆಯಿಂದ ಬೆಳೆದು ನಿಧಾನವಾಗಿ ಬೇರೆಯಾದವು. ಗ, ಚ, ಜ, ನ, ಬ, ಮ, ರ, ಲ ಇವೆಲ್ಲ ಇಂದಿಗೂ ಅಕ್ಕತಂಗಿಯರಂತಿವೆ. ಅವಳು ತಡವರಿಸಿದ್ದು ಕ, ತ, ಹಗಳಲ್ಲಿ ಮತ್ತು ಕೆಲವು ಗುಣಿತಗಳಲ್ಲಿ. 'ನುಚ್ಚು' ಸುಲಭವಾಗಿ ಬಂತು. 'ಬಳ್ಳೊಳ್ಳಿ'ಯ ಅಕ್ಷರ ಕೂಡಿತು, ಅರ್ಥ ಕೂಡಲಿಲ್ಲ. 'ವೆಲ್ಲುಲ್ಲಿ' ಎಂದೆ. 'ಓ, ಅದೇನಾ!' ಎಂದಳು. ಕವಿನ್‌ಗೆ ಪುಸ್ತಕ ಹರಿದಿತ್ತು. ನಮ್ಮ ಪುಸ್ತಕ ನೆಟ್ಟಗಿತ್ತು, ಓದುವ ಕಣ್ಣು ಅರ್ಧ ತೆರೆದಿತ್ತು, ಅಷ್ಟೇ.

ಮರುದಿನ ಶಾಪುರನಗರದ ಮಾರ್ಕೆಟ್ಟಿನಿಂದ ಸೊಪ್ಪು ತಂದು ಅವಳೇ ಪಲ್ಯ ಮಾಡಿದಳು. ಅವ್ವ ಬರೆದಿದ್ದ ಅಳತೆ 'ಒಂದು ಹಿಡಿ ಬೇಳೆ, ಅರ್ಧ ಹಿಡಿ ನುಚ್ಚು'. ಯಾರ ಹಿಡಿ? ಅವ್ವನ ಕೈ ದೊಡ್ಡದು, ಹೊಲದಲ್ಲಿ ದುಡಿದ ಕೈ. ಮಗಳದು ಪೆನ್ನು ಹಿಡಿಯುವ ಕೈ. ಪಲ್ಯ ನೀರುನೀರಾಯಿತು, ಹುಳಿ ಹೆಚ್ಚಾಯಿತು. ಆ ಒಗಟಿನ ಉತ್ತರ ಯಾವ ಪುಟದಲ್ಲೂ ಇಲ್ಲ. ಅವ್ವ ಇದ್ದಾಗಲೇ ಪಕ್ಕದಲ್ಲಿ ನಿಂತು ನೋಡಬೇಕಿತ್ತು. ಆದರೂ ಆ ಪುಟದ ಕೆಳಗೆ ಮಗಳು ತನ್ನ ಅಳತೆ ಬರೆದಿಟ್ಟಳು: 'ನನ್ನ ಹಿಡಿ ಎರಡು'. ಕನ್ನಡದಲ್ಲಿ! 'ನ'ಕ್ಕೆ ತೆಲುಗಿನ ತಲೆಕಟ್ಟು ಹಾಕಿದ್ದಳು. ತಿದ್ದಲಿಲ್ಲ, ಇರಲಿ ಅಂತ ಬಿಟ್ಟೆ.

ಆಟ ಅವಳಿಗೆ ಕನ್ನಡ ಕಲಿಸಿತು ಎಂದರೆ ಸುಳ್ಳಾಗುತ್ತದೆ. ಅದು ಅವಳ ಕೈಯಲ್ಲಿ ಅರ್ಧ ಪುಟ ಇಟ್ಟು, ಓದಲಾಗದವನ ಕಷ್ಟವನ್ನು ಅವಳದೇ ಮಾಡಿತು. ನಾನು ಹತ್ತು ವರ್ಷ ಹೇಳಿದ 'ಕನ್ನಡ ಕಲಿ' ಮಾಡದ್ದನ್ನು ಅದು ಮಾಡಿತು. ಈಗ ಭಾನುವಾರಕ್ಕೊಂದು ಪುಟ ಓದುತ್ತಿದ್ದೇವೆ.

ನೀವೂ ಆಡುವುದಾದರೆ

ಹೊಸಬರು 'ಫ್ಲಾರೆನ್ಸ್'ನಿಂದ ಶುರು ಮಾಡಿ. ಇಂಗ್ಲಿಷ್ ಓದಲು ಬಾರದ ಹಿರಿಯರೂ ಆಡಬಹುದು. ಉಳಿದೆರಡಕ್ಕೆ ಸ್ವಲ್ಪ ಇಂಗ್ಲಿಷ್ ಬೇಕು. ಅಲ್ಲಿ ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ, ಅವರು ಓದಲಿ, ನೀವು ಅಡುಗೆ ಹೇಳಿಕೊಡಿ. 'ವೆಣ್ಬಾ'ದಲ್ಲಿ ದುಃಖದ ಸನ್ನಿವೇಶಗಳಿವೆ, ತೀರಾ ಚಿಕ್ಕ ಮಕ್ಕಳಿಗೆ ಬೇಡ. 'ಇಂಡಿ' ಅಂದರೆ ಉಚಿತ ಎಂದಲ್ಲ, ದುಡ್ಡು ಕೊಟ್ಟೇ ಕೊಳ್ಳಿ. ನಾಲ್ಕು ಜನರ ಮನೆ ಅದರಿಂದಲೇ ನಡೆಯುವುದು.

ಇವೆಲ್ಲ ಪರದೇಶದ ಸರಕು ಎಂದು ದೂರ ಇಡಬೇಡಿ. 2017ರಲ್ಲಿ ಬಂದ 'ಅಸುರ' ನಮ್ಮ ಹೈದರಾಬಾದಿನದೇ, ಓಗರ್ ಹೆಡ್ ಸ್ಟುಡಿಯೋ ಮಾಡಿದ್ದು. 2020ರ 'ರಾಜಿ' ಪುಣೆಯ ತಂಡದ್ದು. ಭಾರತದ ಆಟ ತಯಾರಕರ ದೊಡ್ಡ ಸಮ್ಮೇಳನ 2023 ಮತ್ತು 2024ರಲ್ಲಿ ನಮ್ಮೂರಿನಲ್ಲೇ ನಡೆಯಿತು. ಬಿಸಿಬೇಳೆಬಾತಿನ ಪುಡಿಯ ಮೇಲೋ ಚೌಕಾಬಾರದ ಮೇಲೋ ಒಂದು ಸಣ್ಣ ಕನ್ನಡ ಆಟ ಮಾಡುವ ಹುಡುಗನೋ ಹುಡುಗಿಯೋ ಸುಚಿತ್ರಾ ಚೌರಸ್ತೆಯಲ್ಲಿ ಈಗ ಬಸ್ಸಿಗೆ ಕಾಯುತ್ತಿರಬಹುದು, ಯಾರಿಗೆ ಗೊತ್ತು?

ನಿಮ್ಮ ಮನೆಯಲ್ಲೂ ಅಜ್ಜಿಯ ಕೈಬರಹದ ಪುಸ್ತಕವಿದ್ದರೆ ಈ ಭಾನುವಾರ ಹೊರತೆಗೆಯಿರಿ. ಮಕ್ಕಳಿಗೆ ಎಷ್ಟು ಅಕ್ಷರ ಸಿಕ್ಕಿತು, ಎಲ್ಲಿ ತಡವರಿಸಿದರು, ಅಡುಗೆ ಹೇಗಾಯಿತು, ನಮ್ಮ ಕನ್ನಡ ವೇಳೆಗೆ ಬರೆದು ತಿಳಿಸಿ. ಪುಂಡಿ ಪಲ್ಯಕ್ಕೆ ನುಚ್ಚು ಎಷ್ಟು ಹಾಕಬೇಕೆಂದು ಬಲ್ಲವರಿದ್ದರೆ ಅದನ್ನೂ ತಪ್ಪದೆ ಬರೆಯಿರಿ. ನಮಗೆ ಇನ್ನೂ ಕುದುರಿಲ್ಲ!