ಕ್ಷಾಮದಲ್ಲಿ ಅರಳಿದ ನೂಲಿನ ಗುಲಾಬಿ

ಒಂದು ಕೊಕ್ಕೆಸೂಜಿ, ಒಂದು ಉಂಡೆ ನೂಲು. ಕ್ರೋಶಾ ಹೆಣಿಗೆಗೆ ಬೇಕಾದ ಬಂಡವಾಳ ಇಷ್ಟೆ. ಇದನ್ನು ಬಿಡುವಿನ ವೇಳೆಯ ವಿನೋದವೆಂದು ನಾವು ಎಣಿಸುವುದುಂಟು. ಆದರೆ ಈ ಪುಟ್ಟ ಕೊಕ್ಕೆಯು ಎಷ್ಟೋ ಸಂಸಾರಗಳನ್ನು ಎತ್ತಿಹಿಡಿದ ಸಂಗತಿ ಐರ್ಲೆಂಡಿನ ಇತಿಹಾಸದಲ್ಲಿದೆ.

1845ರಲ್ಲಿ ಅಲ್ಲಿನ ಬಡವರ ಆಹಾರವಾದ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿತು. ಅದರಿಂದುಂಟಾದ ಘೋರ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನರು ಮಡಿದರು. ಆಗ ಕ್ರೈಸ್ತ ಸನ್ಯಾಸಿನಿಯರೂ ಇತರ ದಯಾವಂತ ಮಹಿಳೆಯರೂ ಹಳ್ಳಿಯ ಹೆಣ್ಣುಮಕ್ಕಳಿಗೆ ಕ್ರೋಶಾ ಕಲಿಸಿದರು. ಕ್ಲೋನ್ಸ್ ಎಂಬ ಊರಿನಲ್ಲಿ 1847ರಲ್ಲಿ ಈ ಕಾರ್ಯವನ್ನು ಆರಂಭಿಸಿದವರು ಪಾದ್ರಿಯ ಪತ್ನಿ ಕಸಾಂಡ್ರಾ ಹ್ಯಾಂಡ್. ವೆನಿಸ್ಸಿನ ಸೂಜಿ ಲೇಸಿನ ಮಾದರಿಗಳನ್ನು ಕೊಕ್ಕೆಯಿಂದ ಹೆಣೆದಾಗ ಕೆಲಸ ಬೇಗ ಮುಗಿಯುತ್ತಿತ್ತು. ಕೊರಳಪಟ್ಟಿ, ತೋಳಿನ ಅಂಚುಗಳು ಲಂಡನ್, ಪ್ಯಾರಿಸ್ ನಗರಗಳವರೆಗೆ ಹೋದವು.

ಅವರ ಕ್ರಮವು ಗಮನಾರ್ಹವಾದುದು. ಒಬ್ಬಳು ಗುಲಾಬಿಯನ್ನು, ಮತ್ತೊಬ್ಬಳು ಎಲೆಯನ್ನು ಹೆಣೆಯುವಳು. ಬಳಿಕ ಅವುಗಳನ್ನು ನಕ್ಷೆಯ ಮೇಲೆ ಹರಡಿ, ನಡುವೆ ಜಾಲರಿ ಹೆಣೆದು ಕೂಡಿಸುವರು.

ಹೊಸದಾಗಿ ಕಲಿಯುವ ಸೋದರಿಯರಿಗೂ ಇದೇ ಹಾದಿ. ಮೊದಲ ದಿನವೇ ಕೊರಳಪಟ್ಟಿಗೆ ಕೈಹಾಕಬಾರದು. ಸರಪಳಿಯ ಕುಣಿಕೆಗಳು ಸಮವಾಗಿ ಬರುವವರೆಗೆ ಅಭ್ಯಸಿಸಬೇಕು. ಅನಂತರ ಸರಪಳಿಯನ್ನು ಉಂಗುರವಾಗಿ ಕೂಡಿಸಿ, ಸುತ್ತಲೂ ದಳಗಳನ್ನು ಹೆಣೆಯಬೇಕು. ಪ್ರತಿ ಸುತ್ತಿನ ಕೊನೆಗೆ ಕುಣಿಕೆಗಳನ್ನು ಎಣಿಸಿ ಮಾದರಿಯೊಡನೆ ತಾಳೆನೋಡಬೇಕು. ತಪ್ಪಿದ್ದರೆ ಬಿಚ್ಚಲು ಸಂಕೋಚ ಬೇಡ. ಅದೇ ನೂಲಿನಿಂದ ಮತ್ತೆ ಹೆಣೆಯಬಹುದು.

ಸಿದ್ಧವಾದ ಆ ಒಂದು ಹೂವು ಮಗಳ ಜಡೆಯ ಕ್ಲಿಪ್ಪಿಗೆ ಸಾಕು. ಹಸಿದ ಮನೆಗಳಿಗೆ ಅನ್ನ ತಂದುದು ಇಂತಹ ಒಂದೊಂದೇ ಹೂವೆಂಬುದನ್ನು ನಾವು ಮರೆಯದಿರೋಣ.