ಹೃದ್ರೋಗಿಯ ದಾಂಪತ್ಯಜೀವನ: ಹೆಲರ್‌ಸ್ಟೈನರ ಸಂಶೋಧನೆ

ಹೃದಯಾಘಾತದಿಂದ ಚೇತರಿಸಿಕೊಂಡು ಮನೆಗೆ ಹಿಂದಿರುಗುವ ರೋಗಿಯು ವೈದ್ಯರಲ್ಲಿ ಹಲವು ಸಂಗತಿಗಳನ್ನು ವಿಚಾರಿಸುತ್ತಾನೆ: ಊಟದಲ್ಲಿ ಉಪ್ಪೆಷ್ಟಿರಬೇಕು, ಮೆಟ್ಟಿಲು ಹತ್ತಬಹುದೆ, ಉದ್ಯೋಗಕ್ಕೆ ಎಂದಿನಿಂದ ಹೋಗಬಹುದು. ಹೆಂಡತಿಯೊಡನೆ ಮೊದಲಿನಂತೆ ದಾಂಪತ್ಯ ನಡೆಸಬಹುದೆ ಎಂಬುದನ್ನು ಮಾತ್ರ ಕೇಳಲು ಸಂಕೋಚಪಡುತ್ತಾನೆ. ವೈದ್ಯರು ತಾವಾಗಿಯೇ ಆ ಮಾತನ್ನೆತ್ತುವುದೂ ವಿರಳ. ಈ ಮೌನದಲ್ಲಿ ಭಯವು ಬೇರೂರುತ್ತದೆ. ಆ ಭಯಕ್ಕೆ ಆಧಾರವೆಷ್ಟು ಎಂಬುದನ್ನು ಅಳೆದು ನೋಡಲು ಮೊದಲು ಮುಂದಾದವರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ನಗರದ ಹೃದ್ರೋಗತಜ್ಞರಾದ ಹರ್ಮನ್ ಹೆಲರ್‌ಸ್ಟೈನರು ಮುಖ್ಯರು.

೧೯೬೬ರಲ್ಲಿ ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಸಂಶೋಧಕರು ಪ್ರಯೋಗಶಾಲೆಯಲ್ಲಿ ನಡೆಸಿದ ವೀಕ್ಷಣೆಗಳನ್ನು ಪ್ರಕಟಿಸಿದರು. ಸಮಾಗಮಕಾಲದಲ್ಲಿ ಹೃದಯದ ಬಡಿತವು ನಿಮಿಷಕ್ಕೆ ೧೮೦ರವರೆಗೂ ಏರಬಹುದೆಂದು ಅವುಗಳಿಂದ ತಿಳಿದುಬಂದಿತ್ತು. ಈ ಅಂಕಿಯನ್ನು ಹೃದ್ರೋಗಿಗೂ ಅನ್ವಯಿಸಿದರೆ ಅಂಜಿಕೆ ಹುಟ್ಟುವುದು ಸಹಜವೇ. ಆದರೆ ಅಪರಿಚಿತ ಕೊಠಡಿಯಲ್ಲಿ, ಯಂತ್ರಗಳ ನಡುವೆ, ಪರರ ದೃಷ್ಟಿಯಲ್ಲಿ ದೊರೆತ ಅಂಕಿ ಅದು. ಬಹುಕಾಲದಿಂದ ಸಂಸಾರ ನಡೆಸುತ್ತಿರುವ ನಡುವಯಸ್ಸಿನ ಗೃಹಸ್ಥನ ಸ್ಥಿತಿಯೇ ಬೇರೆ. ಹೆಲರ್‌ಸ್ಟೈನರು ಹಿಡಿದ ಎಳೆ ಇದು.

ಅದಕ್ಕೆ ಬೇಕಾದ ಸಾಧನವು ಆಗಲೇ ಒದಗಿತ್ತು. ನಾರ್ಮನ್ ಹೋಲ್ಟರ್ ಎಂಬ ವಿಜ್ಞಾನಿಯು ನಿರ್ಮಿಸಿದ ಉಪಕರಣವನ್ನು ಮೈಮೇಲೆ ಧರಿಸಿ ತಿರುಗಾಡಬಹುದಾಗಿತ್ತು. ಅದು ಹೃದಯದ ವಿದ್ಯುತ್‌ಚಲನೆಯನ್ನು ಗಂಟೆಗಟ್ಟಲೆ ಕಾಂತಪಟ್ಟಿಯ ಮೇಲೆ ದಾಖಲಿಸುತ್ತಿತ್ತು. ಅದನ್ನು ಧರಿಸಿಯೇ ರೋಗಿಗಳು ಉದ್ಯೋಗ ಮಾಡಿದರು, ಮನೆಯಲ್ಲಿ ಮಲಗಿದರು. ಹೆಲರ್‌ಸ್ಟೈನ್ ಮತ್ತು ಫ್ರೀಡ್‌ಮನ್ ಇಬ್ಬರೂ ಸೇರಿ ೧೯೭೦ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಹೀಗೆ ಪಡೆದ ೧೪ ಮಂದಿಯ ದಾಖಲೆಗಳಿವೆ. ಸಮಾಗಮದ ಉತ್ಕಟ ಕ್ಷಣದಲ್ಲಿ ಅವರ ಬಡಿತದ ಸರಾಸರಿ ನಿಮಿಷಕ್ಕೆ ಸುಮಾರು ೧೧೭. ದೈನಂದಿನ ಉದ್ಯೋಗದಲ್ಲಿ ಮುಟ್ಟಿದ ಗರಿಷ್ಠವು ಸುಮಾರು ೧೨೦. ಎಂದರೆ ಮಹಡಿಯ ಮೆಟ್ಟಿಲನ್ನು ಹತ್ತುವ ಅಥವಾ ಬಿರುಸಾಗಿ ನಡೆಯುವ ಶ್ರಮಕ್ಕಿಂತ ಇದು ಹೆಚ್ಚಿನದಲ್ಲ. ಕಚೇರಿಗೆ ಹೋಗಲು ಅನುಮತಿ ಪಡೆದವನಿಗೆ ಶಯನಗೃಹವನ್ನು ನಿಷೇಧಿಸಲು ಕಾರಣವಿರಲಿಲ್ಲ.

ಹದಿನಾಲ್ಕು ಎಂಬುದು ಅಲ್ಪಸಂಖ್ಯೆ. ಅವರೆಲ್ಲರೂ ಪುರುಷರು, ಹೃದ್ರೋಗಿಯಾದ ಸ್ತ್ರೀಯ ವಿಚಾರವಾಗಿ ಈ ಲೇಖನದಿಂದ ಏನೂ ತಿಳಿಯುವುದಿಲ್ಲ. ಅಲ್ಲದೆ ಬಡಿತವು ಮಿತವಾಗಿದ್ದ ಮಾತ್ರಕ್ಕೆ ಅಪಾಯವೇ ಇಲ್ಲವೆನ್ನಲೂ ಬಾರದು. ಈ ಎರಡನೆಯ ಶಂಕೆಗೆ ಉತ್ತರ ದೊರೆತುದು ೧೯೯೬ರಲ್ಲಿ. ಜೇಮ್ಸ್ ಮುಲ್ಲರ್ ಮತ್ತು ಅವರ ಸಂಗಡಿಗರು ಹೃದಯಾಘಾತಕ್ಕೊಳಗಾದ ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ, ಸಮಾಗಮಾನಂತರದ ಎರಡು ಗಂಟೆಗಳಲ್ಲಿ ಆಘಾತದ ಸಂಭವವು ಎರಡೂವರೆ ಪಟ್ಟಾಗುವುದೆಂದು ಕಂಡರು. ಕೇಳಲು ಭಯಂಕರವಾದ ಮಾತು. ಆದರೆ ಆರೋಗ್ಯವಂತನಾದ ನಡುವಯಸ್ಕನಿಗೆ ಯಾವುದೇ ಒಂದು ಗಂಟೆಯಲ್ಲಿ ಆಘಾತವಾಗುವ ಸಂಭವವು ಹತ್ತು ಲಕ್ಷಕ್ಕೆ ಒಂದರಷ್ಟು ಮಾತ್ರ. ಅದು ಎರಡೂವರೆಯಾಗುವುದು, ಅದೂ ಎರಡು ಗಂಟೆಗಳ ಮಟ್ಟಿಗೆ. ಪಟ್ಟನ್ನು ಹೇಳಿ ಮೂಲವನ್ನು ಹೇಳದಿದ್ದರೆ ಗಣಿತವೂ ಸುಳ್ಳಾಡೀತು. ನಿತ್ಯವೂ ವ್ಯಾಯಾಮ ಮಾಡುವವರಲ್ಲಿ ಈ ಏರಿಕೆಯು ಬಹುಮಟ್ಟಿಗೆ ಇಲ್ಲವಾಗುವುದೆಂಬುದೂ ಅದೇ ಲೇಖನದ ಶೋಧ. ಹೃದ್ರೋಗಿಗಳಿಗೆ ಕ್ರಮವಾದ ವ್ಯಾಯಾಮವನ್ನು ವಿಧಿಸಬೇಕೆಂದು ಹೆಲರ್‌ಸ್ಟೈನರು ಬಹಳ ಹಿಂದಿನಿಂದಲೇ ವಾದಿಸುತ್ತಿದ್ದರು.

ವಿಶ್ರಾಂತಿಯಲ್ಲಿಯೂ ಎದೆನೋವು ಬರುವವರಿಗೆ ಈ ಅಭಯವು ಸಲ್ಲದು. ಅವರಿಗೆ ಮೊದಲು ಚಿಕಿತ್ಸೆಯಾಗಬೇಕು.

ಸಂಬಂಧದ ಇನ್ನೊಂದು ಮುಖವು ಆಮೇಲೆ ಬೆಳಕಿಗೆ ಬಂದಿತು. ೨೦೦೩ರಲ್ಲಿ ಇಟಲಿಯ ಮೊಂಟೊರ್ಸಿ ಮೊದಲಾದವರು ಎದೆನೋವಿನ ೩೦೦ ಪುರುಷರನ್ನು ಪರೀಕ್ಷಿಸಲಾಗಿ, ಸುಮಾರು ಅರ್ಧದಷ್ಟು ಮಂದಿಗೆ ಪುಂಸ್ತ್ವದ ಕೊರತೆಯೂ ಇತ್ತು. ಅವರಲ್ಲಿ ಮೂರರಲ್ಲಿ ಎರಡು ಪಾಲಿಗೆ ಆ ಕೊರತೆಯು ಎದೆನೋವಿಗಿಂತ ಮೊದಲೇ, ಸರಾಸರಿ ಮೂರು ವರ್ಷಗಳಿಗೂ ಮುಂಚೆ, ತೋರಿತ್ತು. ಜನನೇಂದ್ರಿಯದ ಧಮನಿಗಳು ಹೃದಯದ ಧಮನಿಗಳಿಗಿಂತ ಕಿರಿದು. ಒಂದೇ ವ್ಯಾಧಿಯು ಕಿರಿದಾದ ನಾಳದಲ್ಲಿ ಮೊದಲು ತೋರುವುದೆಂಬುದು ಅವರ ವಿವರಣೆ. ನಾಚಿಕೆಯಿಂದ ಮುಚ್ಚಿಟ್ಟ ಲಕ್ಷಣವು ಹೀಗೆ ಮುನ್ಸೂಚನೆಯೂ ಆಗಿರಬಹುದು.

ಆ ಕೊರತೆಗೆ ೧೯೯೮ರಿಂದ ಬಳಕೆಗೆ ಬಂದ ಸಿಲ್ಡೆನಾಫಿಲ್ ಗುಳಿಗೆಯು ನಾಳಗಳನ್ನು ಸಡಿಲಿಸುತ್ತದೆ. ಎದೆನೋವಿಗೆ ನಾಲಗೆಯಡಿಯಲ್ಲಿಡುವ ನೈಟ್ರೇಟ್ ಔಷಧವೂ ಅದೇ ಮಾರ್ಗದಿಂದ ಕೆಲಸಮಾಡುತ್ತದೆ. ಎರಡೂ ಕೂಡಿದರೆ ರಕ್ತದ ಒತ್ತಡವು ಪ್ರಾಣಾಪಾಯದ ಮಟ್ಟಕ್ಕೆ ಇಳಿಯಬಲ್ಲದು. ಆದ್ದರಿಂದ ಸಿಲ್ಡೆನಾಫಿಲ್ ಸೇವಿಸಿದ ೨೪ ಗಂಟೆಗಳೊಳಗೆ ನೈಟ್ರೇಟ್ ಕೊಡಕೂಡದೆಂಬ ನಿಯಮವಿದೆ. ನಡುರಾತ್ರಿಯಲ್ಲಿ ಎದೆನೋವಿನಿಂದ ಆಸ್ಪತ್ರೆಗೆ ಬಂದವನನ್ನು ವೈದ್ಯರು ಆ ಗುಳಿಗೆಯ ವಿಷಯವಾಗಿ ಪ್ರಶ್ನಿಸುವುದು ಇದಕ್ಕಾಗಿಯೇ. ಪಕ್ಕದಲ್ಲಿ ನೆಂಟರಿದ್ದಾರೆಂದು ಅವನು ಆಗ ತಲೆಯಲ್ಲಾಡಿಸಿ ಇಲ್ಲವೆಂದರೆ, ವೈದ್ಯರ ಕೈ ನೈಟ್ರೇಟಿನ ಕಡೆಗೆ ಹೋಗುತ್ತದೆ.