ಮರುಹೀರಿಕೆ (ನರವಿಜ್ಞಾನ)

ಮರುಹೀರಿಕೆ ಎಂದರೆ ನರಕೋಶವು ತಾನು ಹೊರಸೂಸಿದ ಡೋಪಮೈನ್, ಸೆರೊಟೋನಿನ್ ಮೊದಲಾದ ನರವಾಹಕ ರಾಸಾಯನಿಕಗಳನ್ನು, ಅವುಗಳ ಕಾರ್ಯ ಮುಗಿದ ಬಳಿಕ, ಪುನಃ ತನ್ನೊಳಗೆ ಸೆಳೆದುಕೊಳ್ಳುವ ಕ್ರಿಯೆ. ಕೋಶಪೊರೆಯಲ್ಲಿರುವ ಸಾಗಣೆ ಪ್ರೋಟೀನುಗಳು ಇದನ್ನು ನಿರ್ವಹಿಸುತ್ತವೆ. ನಾರ್‌ಅಡ್ರಿನಲಿನ್ ಮರುಹೀರಿಕೆಯನ್ನು ತೋರಿಸಿಕೊಟ್ಟ ಅಮೆರಿಕದ ವಿಜ್ಞಾನಿ ಜೂಲಿಯಸ್ ಆಕ್ಸೆಲ್‌ರಾಡ್ 1970ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಉತ್ತೇಜಕಗಳಾದ ಕೊಕೇನ್ ಮತ್ತು ಮೀಥೈಲ್‌ಫೆನಿಡೇಟ್ ಡೋಪಮೈನಿನ ಸಾಗಣೆ ಪ್ರೋಟೀನಿಗೆ ಅಂಟಿಕೊಂಡು ಮರುಹೀರಿಕೆಯನ್ನು ತಡೆಯುತ್ತವೆ. ಆಂಫೆಟಮೈನ್ ಅದೇ ಪ್ರೋಟೀನಿನ ಮೂಲಕ ಒಳಹೊಕ್ಕು ಡೋಪಮೈನನ್ನು ಹೊರಕ್ಕೆ ಹರಿಸುತ್ತದೆ. ಖಿನ್ನತೆ ನಿವಾರಕವಾದ ಫ್ಲೂಆಕ್ಸೆಟಿನ್ ಸೆರೊಟೋನಿನಿನ ಸಾಗಣೆ ಪ್ರೋಟೀನನ್ನು ತಡೆಯುತ್ತದೆ. ಈ ತಡೆ ಕೆಲವೇ ಗಂಟೆಗಳಲ್ಲಿ ಉಂಟಾದರೂ ರೋಗಿಯ ಮನಃಸ್ಥಿತಿ ಸುಧಾರಿಸಲು ಸಾಮಾನ್ಯವಾಗಿ ಹಲವು ವಾರಗಳು ಬೇಕಾಗುತ್ತವೆ. ಆದುದರಿಂದ ಗುಣ ಕಾಣಲಿಲ್ಲವೆಂದು ವೈದ್ಯರ ಸಲಹೆಯಿಲ್ಲದೆ ಔಷಧವನ್ನು ನಿಲ್ಲಿಸಬಾರದು.